ಪಿತ್ತಕೋಶದ ಕಹಾಲ್ ಜೀವಕೋಶಗಳು: ಇರುವಿಕೆ, ಕೆಲಸ ಮತ್ತು ಹರಳಿನ ಪ್ರಶ್ನೆ

19ನೇ ಶತಮಾನದ ಕೊನೆಯ ದಶಕಗಳಲ್ಲಿ ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್ ಅವರು ಕರುಳಿನ ಭಿತ್ತಿಯಲ್ಲಿ, ನರತಂತುಗಳ ತುದಿಗೂ ಸ್ನಾಯುವಿಗೂ ನಡುವೆ, ಉದ್ದನೆಯ ಚಾಚುಗಳುಳ್ಳ ಜೀವಕೋಶಗಳನ್ನು ಕಂಡರು; ಅವು ಸರಳ ರೂಪದ ನರಕೋಶಗಳೆಂದು ಭಾವಿಸಿದರು. ಆ ಊಹೆ ನಿಲ್ಲಲಿಲ್ಲ. ಕರುಳಿನ ಲಯ ಹುಟ್ಟುವುದು ಇವುಗಳಲ್ಲೇ ಎಂದು 1982ರಲ್ಲಿ ಡೆನ್ಮಾರ್ಕಿನ ಲಾರ್ಸ್ ಥುನೆಬೆರ್ಗ್ ವಾದಿಸಿದರು. 1990ರ ದಶಕದಲ್ಲಿ, ಕಿಟ್ ಎಂಬ ಗ್ರಾಹಕ ಪ್ರೋಟೀನಿನ ದೋಷವುಳ್ಳ ಚಿಟ್ಟಿಲಿಗಳ ಸಣ್ಣ ಕರುಳಿನಲ್ಲಿ ಈ ಜೀವಕೋಶಗಳ ಜಾಲವೂ ನಿಧಾನಗತಿಯ ವಿದ್ಯುತ್ ಅಲೆಗಳೂ ಒಟ್ಟಿಗೇ ಇಲ್ಲವಾಗಿದ್ದುದು ತಿಳಿದಾಗ ಆ ವಾದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿತು. ಹೀಗೆ ಕರುಳಿನಲ್ಲಿ ಇರುವಿಕೆ ಮತ್ತು ಕೆಲಸ ಎರಡೂ ಸಿದ್ಧವಾದವು. ಪಿತ್ತಕೋಶ ಮತ್ತು ಪಿತ್ತನಾಳಗಳಲ್ಲಿ ಇರುವಿಕೆ ಮಾತ್ರ ಸಿದ್ಧವಾಗಿದೆ. ಕೆಲಸವನ್ನು ನಾವು ಕರುಳಿನಿಂದ ಎರವಲು ತಂದಿದ್ದೇವೆ. ಪಿತ್ತದ ಹರಳಿನ ರೋಗಕಾರಣವನ್ನು ಈ ಎರವಲಿನ ಮೇಲೆ ಕಟ್ಟುವುದು ಅವಸರ ಎಂಬುದು ಈ ಲೇಖನದ ವಾದ.

ಇರುವಿಕೆಯ ಸಾಕ್ಷ್ಯ ತಡವಾಗಿ ಬರಲು ಒಂದು ಸರಳ ಕಾರಣವೂ ಇರಬಹುದು. ಪ್ರಯೋಗಾಲಯಗಳಿಗೆ ತೀರ ಪರಿಚಿತವಾದ ದೊಡ್ಡ ಇಲಿಗೆ, ಅಂದರೆ ರ್ಯಾಟ್‌ಗೆ, ಪಿತ್ತಕೋಶವೇ ಇಲ್ಲ. ಕುದುರೆಗೂ ಇಲ್ಲ. 2006ರಲ್ಲಿ ಚಿಟ್ಟಿಲಿಯ ಪಿತ್ತಕೋಶದಲ್ಲಿ, 2007ರಲ್ಲಿ ಗಿನಿಪಿಗ್ ಮತ್ತು ಮನುಷ್ಯನ ಪಿತ್ತಕೋಶಗಳಲ್ಲಿ, 2010ರಲ್ಲಿ ಯಕೃತ್ತಿನ ಹೊರಗಿನ ಮಾನವ ಪಿತ್ತನಾಳಗಳಲ್ಲಿ ಈ ಬಗೆಯ ಜೀವಕೋಶಗಳ ವರದಿಗಳು ಪ್ರಕಟವಾದವು. ಇಲ್ಲಿ ಎಚ್ಚರ ಬೇಕಾದುದು ಗುರುತಿಸುವ ವಿಧಾನದಲ್ಲಿ. ಕಿಟ್ ಪ್ರೋಟೀನು ಮಾಸ್ಟ್ ಜೀವಕೋಶಗಳಲ್ಲೂ ಇರುತ್ತದೆ, ಉರಿಯೂತವಿರುವ ಪಿತ್ತಕೋಶದಲ್ಲಿ ಅವಕ್ಕೆ ಕೊರತೆಯಿಲ್ಲ. ಆದ್ದರಿಂದ ಟ್ರಿಪ್ಟೇಸ್ ಬಣ್ಣಗಾರಿಕೆಯಿಂದ ಮಾಸ್ಟ್ ಜೀವಕೋಶಗಳನ್ನು ಬೇರ್ಪಡಿಸದ ಎಣಿಕೆಯನ್ನು ನಂಬಲಾಗದು. ಇನ್ನೊಂದು ತೊಡಕು, ಬುಖಾರೆಸ್ಟಿನ ಪೊಪೆಸ್ಕು ಅವರ ಬಳಗದ್ದು. ತಾವು 'ಕಹಾಲ್ ಸದೃಶ' ಎಂದು ಕರೆಯುತ್ತಿದ್ದ ಜೀವಕೋಶಗಳಿಗೆ 2010ರಲ್ಲಿ ಅವರೇ ಟೆಲೊಸೈಟ್ ಎಂಬ ಬೇರೆ ಹೆಸರು ಕೊಟ್ಟರು. ಮನುಷ್ಯನ ಪಿತ್ತಕೋಶದ 2007ರ ವರದಿ ಆ ಬಳಗದಿಂದಲೇ ಬಂದುದರಿಂದ, ಅದನ್ನು ಲಯಕಾರಕ ಜೀವಕೋಶದ ಪುರಾವೆಯೆಂದು ನೇರವಾಗಿ ಓದುವಂತಿಲ್ಲ.

ಕೆಲಸದ ಬಗ್ಗೆ ಇರುವ ಅತ್ಯುತ್ತಮ ಪ್ರಯೋಗ ಗಿನಿಪಿಗ್‌ನದು. ಅಲ್ಲಿ ಕಹಾಲ್ ಸದೃಶ ಜೀವಕೋಶಗಳಲ್ಲೂ ಪಕ್ಕದ ಸ್ನಾಯುಕಟ್ಟುಗಳಲ್ಲೂ ಕ್ಯಾಲ್ಸಿಯಂ ಮಿಂಚುಗಳು ಜೊತೆಜೊತೆಗೆ ಏಳುತ್ತವೆ. ನರಗಳನ್ನು ಸುಮ್ಮನಾಗಿಸಿದರೂ ಅವು ನಿಲ್ಲುವುದಿಲ್ಲ, ಜೀವಕೋಶಗಳ ನಡುವಿನ ಸಂಪರ್ಕದ್ವಾರಗಳನ್ನು ಮುಚ್ಚಿದರೆ ತಾಳ ತಪ್ಪುತ್ತದೆ. ಕಿಟ್ ಅನ್ನು ತಡೆಯುವ ಇಮ್ಯಾಟಿನಿಬ್ ಔಷಧವೂ ಈ ಲಯವನ್ನು ಕುಗ್ಗಿಸಿತು. ಇಷ್ಟು ಸಾಲದೇ ಎಂಬ ಆಕ್ಷೇಪ ಸಹಜ. ಸಾಲದು, ಏಕೆಂದರೆ ಇಮ್ಯಾಟಿನಿಬ್ ತಡೆಯುವುದು ಕಿಟ್ ಒಂದನ್ನೇ ಅಲ್ಲ. ಜೊತೆಗೆ ಏಳುವ ಎರಡು ಸಂಕೇತಗಳಲ್ಲಿ ಯಾವುದು ಯಾವುದನ್ನು ಎಬ್ಬಿಸಿತು ಎಂಬುದನ್ನು ಜೊತೆಯೊಂದೇ ಹೇಳಲಾರದು. ಅದಕ್ಕಿಂತ ಮುಖ್ಯವಾಗಿ, ಪಿತ್ತಕೋಶದ ದೊಡ್ಡ ಕೆಲಸ ಕರುಳಿನಂತೆ ಅಲೆಅಲೆಯಾಗಿ ಚಲಿಸುವುದಲ್ಲ. ಊಟದ ಕೊಬ್ಬು ಡುಯೊಡಿನಮ್ಮಿಗೆ ಬಂದಾಗ, 1928ರಲ್ಲಿ ಐವಿ ಮತ್ತು ಓಲ್ಡ್‌ಬರ್ಗ್ ಗುರುತಿಸಿದ ಕೊಲೆಸಿಸ್ಟೊಕೈನಿನ್ ಹಾರ್ಮೋನಿನ ಆದೇಶಕ್ಕೆ ಇಡೀ ಚೀಲ ಹಲವು ನಿಮಿಷಗಳ ಕಾಲ ಬಿಗಿಯಾಗುತ್ತದೆ. ಊಟಗಳ ನಡುವೆ ಭಿತ್ತಿಯ ಬಿಗುವನ್ನು ಕಾಯುವ, ಚದುರಿದ ಸ್ನಾಯುಕಟ್ಟುಗಳನ್ನು ಹೊಂದಿಸುವ ಪಾತ್ರವನ್ನು ಈ ಜೀವಕೋಶಗಳಿಗೆ ಕೊಡುವುದು ಸಮಂಜಸ. ಬರಿದಾಗುವಿಕೆಯ ಒಡೆತನವನ್ನು ಕೊಡಲು ಆಧಾರವಿಲ್ಲ. ಪಿತ್ತನಾಳದ ಮಟ್ಟಿಗಂತೂ ಸ್ನಾಯುವೇ ವಿರಳ. ಅಲ್ಲಿ ಹರಿವಿನ ಹಿಡಿತ ಹೆಚ್ಚಾಗಿ ಕೆಳತುದಿಯ ಓಡಿ ಸಂಕೋಚಕದ್ದು.

ಹರಳಿರುವ ಪಿತ್ತಕೋಶಗಳಲ್ಲಿ ಕಿಟ್ ಗುರುತಿನ ಜೀವಕೋಶಗಳು ಕಡಿಮೆ ಎಂದು ಪೋಲೆಂಡಿನ ಕ್ರಾಕೋವ್‌ನ ಸಂಶೋಧಕರು ತೋರಿಸಿದ್ದಾರೆ. ಜೀವಕೋಶ ಕಡಿಮೆಯಾಗಿ ಪಿತ್ತ ನಿಂತು ಹರಳಾಯಿತು ಎಂಬ ವಿವರಣೆ ಆಕರ್ಷಕ. ಆದರೆ ಪಿತ್ತದಲ್ಲಿ ತುಂಬಿದ ಕೊಲೆಸ್ಟರಾಲ್ ಸ್ನಾಯುಕೋಶದ ಪೊರೆಗೂ ಇಳಿದು ಕೊಲೆಸಿಸ್ಟೊಕೈನಿನ್‌ಗೆ ಅದು ಓಗೊಡದಂತೆ ಮಾಡುತ್ತದೆ ಎಂಬುದು ಬೇರೆಯೇ ಸಂಶೋಧನೆಗಳಿಂದ ತಿಳಿದ ಸಂಗತಿ. ಅದೇ ಪಿತ್ತ ಕಹಾಲ್ ಜೀವಕೋಶಗಳನ್ನೂ ಕೊಂದರೆ, ಅವುಗಳ ಇಳಿಕೆ ರೋಗದ ಕಾರಣವಲ್ಲ, ರೋಗದ ಗುರುತು. ಹೋಲಿಕೆಯ ತೊಂದರೆಯೂ ಇದೆ: ಆರೋಗ್ಯವಂತರ ಪಿತ್ತಕೋಶವನ್ನು ಯಾರೂ ಸುಮ್ಮನೆ ತೆಗೆಯುವುದಿಲ್ಲ, 'ಸಹಜ' ಎಂದು ಸಿಗುವುದು ಬೇರೊಂದು ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದದ್ದು.

ಈ ಗಂಟನ್ನು ಬಿಡಿಸುವ ಅವಕಾಶ ದಕ್ಷಿಣ ಭಾರತಕ್ಕೆ ವಿಶೇಷವಾಗಿ ಇದೆ. ಉತ್ತರದಲ್ಲಿ ಕೊಲೆಸ್ಟರಾಲ್ ಹರಳುಗಳೇ ಹೆಚ್ಚು; ನಮ್ಮಲ್ಲಿ ಬಿಲಿರುಬಿನ್‌ನಿಂದಾದ ಕಪ್ಪು, ಕಂದು ವರ್ಣದ ಹರಳುಗಳ ಪಾಲು ಗಣನೀಯ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಲ್ಯಾಪರೊಸ್ಕೋಪಿಯಿಂದ ತೆಗೆದ ಪಿತ್ತಕೋಶ ಹೇಗೂ ರೋಗಶಾಸ್ತ್ರ ವಿಭಾಗಕ್ಕೆ ಹೋಗುತ್ತದೆ. ಹರಳನ್ನು ಎಷ್ಟೋ ಬಾರಿ ರೋಗಿಯ ಕೈಗೆ ಕೊಟ್ಟುಬಿಡುತ್ತಾರೆ. ಹರಳಿನ ರಾಸಾಯನಿಕ ವಿಶ್ಲೇಷಣೆಯನ್ನೂ ಭಿತ್ತಿಯ ಜೀವಕೋಶ ಎಣಿಕೆಯನ್ನೂ ಒಂದೇ ದಾಖಲೆಯಲ್ಲಿ ಜೋಡಿಸಬೇಕು. ಇದಕ್ಕೆ ಬೇಕಾದ, ಕಿಟ್ ಅನ್ನು ಗುರುತಿಸುವ ಸಿಡಿ117 ಪ್ರತಿಕಾಯ ಜಠರ-ಕರುಳಿನ ಸ್ಟ್ರೋಮಾ ಗೆಡ್ಡೆಗಳ ಪತ್ತೆಗೆ ಈಗಾಗಲೇ ಬಳಕೆಯಲ್ಲಿದೆ. ಜೊತೆಗೆ ಟ್ರಿಪ್ಟೇಸ್ ಸೇರಿಸಿದರಾಯಿತು. ಉರಿಯೂತದ ಮಟ್ಟ ಸಮನಾಗಿರುವ, ಕೊಲೆಸ್ಟರಾಲ್ ಹರಳಿನ ಮತ್ತು ಬಿಲಿರುಬಿನ್ ಹರಳಿನ ಎರಡು ಗುಂಪುಗಳಲ್ಲಿ ಇಳಿಕೆ ಕೊಲೆಸ್ಟರಾಲ್ ಹರಳಿನವರಲ್ಲಿ ಮಾತ್ರ ಕಂಡರೆ ಪಿತ್ತದ ವಿಷಗುಣವೇ ಅದರ ಮೂಲವೆಂಬ ಅನುಮಾನ ಬಲಗೊಳ್ಳುತ್ತದೆ. ಎರಡರಲ್ಲೂ ಸಮನಾಗಿ ಕಂಡರೆ ಕೊಲೆಸ್ಟರಾಲನ್ನು ದೂರುವ ಇಲ್ಲಿನ ವಿವರಣೆ ಬಿದ್ದುಹೋಗುತ್ತದೆ, ಜೀವಕೋಶದ ನಷ್ಟವೇ ಮೊದಲು ಎಂಬ ಪಕ್ಷವನ್ನು ಮತ್ತೆ ಗಂಭೀರವಾಗಿ ಪರಿಶೀಲಿಸಬೇಕಾಗುತ್ತದೆ.