ಸೂರಿನ ಕಾವಲುಗಾರ: ಕಳ್ಳನ ಸುಳಿವು ಹಿಡಿಯುವ ಸೀಲಿಂಗ್ ಸೆನ್ಸರ್ ಅಳವಡಿಸುವುದು ಹೇಗೆ?

ರತ್ನಗಿರಿ (ರೊಳ್ಳ ಮಂಡಲ): ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕೋಟೆ ಇರುವ ಊರಿನವರಿಗೆ ಹೊಸದಲ್ಲ. ರತ್ನಗಿರಿಯ ಬೆಟ್ಟದ ಮೇಲೆ ಕೋಟೆ ಇದೆ, ರಾಯದುರ್ಗದಲ್ಲೂ ಇದೆ. ಹಿಂದೆ ಊರಿನ ಸೊತ್ತು ಕೋಟೆಯೊಳಗೆ ಇರುತ್ತಿತ್ತು. ಈಗ ಅದು ಬ್ಯಾಂಕಿನ, ಸಹಕಾರ ಸಂಘದ ತಿಜೋರಿಯಲ್ಲಿದೆ. ಕಡಲೆಕಾಯಿ ಬಿತ್ತನೆಗೆಂದು ಅಡವಿಟ್ಟ ತಾಳಿ, ಬಳೆ, ಓಲೆಗಳೆಲ್ಲ ಅಲ್ಲಿವೆ. ಅಲ್ಲಿ ಕಳವಾದರೆ ಹೋಗುವುದು ಬ್ಯಾಂಕಿನ ಲೆಕ್ಕದ ಹಣವಲ್ಲ, ಮನೆಯ ಹೆಂಗಸರ ಕೊರಳಿನದು.

2025ರ ಜುಲೈನಲ್ಲಿ ಹಿಂದೂಪುರದ ಪಕ್ಕದ ತೂಮಕುಂಟದ ಎಸ್‌ಬಿಐ ಶಾಖೆಗೆ ಕಳ್ಳರು ನುಗ್ಗಿ ಚಿನ್ನ, ನಗದು ಹೊತ್ತೊಯ್ದರು. ಅದಕ್ಕೂ ಮೊದಲು, 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ ಎಸ್‌ಬಿಐ ಶಾಖೆಯಿಂದ ಸುಮಾರು 17 ಕಿಲೋ 700 ಗ್ರಾಂ ಅಡವಿನ ಚಿನ್ನ ಕಳವಾಯಿತು. ಕಳ್ಳರು ಕಿಟಕಿಯ ಸರಳು ಕತ್ತರಿಸಿ ಒಳಬಂದಿದ್ದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಹೋಗುವಾಗ ಕ್ಯಾಮೆರಾದ ಡಿವಿಆರ್ ಪೆಟ್ಟಿಗೆಯನ್ನೂ ಎತ್ತಿಕೊಂಡು, ಖಾರದ ಪುಡಿ ಎರಚಿದ್ದರು. ಪೊಲೀಸರು ತಮಿಳುನಾಡಿನ ಬಾವಿಯೊಂದರಿಂದ ಬಹುಪಾಲು ಚಿನ್ನ ಹೊರತೆಗೆಯುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿ ಕೆನರಾ ಬ್ಯಾಂಕ್ ಶಾಖೆಯಲ್ಲಿ ಸುಮಾರು 59 ಕಿಲೋ ಚಿನ್ನ ಹೋಯಿತು. ಅಲ್ಲಿ ಬಳಕೆಯಾದದ್ದು ನಕಲಿ ಕೀ.

ಈ ಪ್ರಕರಣಗಳಿಂದ ಗೊತ್ತಾಗುವುದಿಷ್ಟು. ಕಳ್ಳ ಬಾಗಿಲಿನಿಂದಲೇ ಬರಬೇಕೆಂದಿಲ್ಲ. ಕಿಟಕಿಯಿಂದ ಬರಬಹುದು, ಗೋಡೆ ಕೊರೆಯಬಹುದು, ಕೀ ಹಾಕಿಕೊಂಡೇ ಬರಬಹುದು. ಷಟರ್‌ಗೆ ಹಾಕಿದ ಮ್ಯಾಗ್ನೆಟ್ ಸೆನ್ಸರ್ ಷಟರ್ ಎದ್ದರೆ ಮಾತ್ರ ಕೂಗುತ್ತದೆ. ಕ್ಯಾಮೆರಾ ನೋಡುತ್ತದೆ, ಆದರೆ ಬಹುತೇಕ ಕಡೆ ಯಾರನ್ನೂ ಕರೆಯುವುದಿಲ್ಲ. ಒಳಗೆ ಯಾವ ದಾರಿಯಿಂದ ಬಂದರೂ ಸುಳಿವು ಹಿಡಿದು ಸೈರನ್ ಕೂಗಿಸುವ ಸಾಧನವೇ ಮೋಷನ್ ಡಿಟೆಕ್ಟರ್. ಅದರಲ್ಲಿ ಸೂರಿಗೆ ಹಾಕುವ ಬಗೆಯದರ ಬಗ್ಗೆ ಇಲ್ಲಿದೆ ಮಾಹಿತಿ.

ಏನಿದು ಪಿಐಆರ್?

ಅಂಗಡಿಯವರು ಇದನ್ನು ಪಿಐಆರ್ ಸೆನ್ಸರ್ ಎನ್ನುತ್ತಾರೆ. ಮನುಷ್ಯನ ಮೈಯಿಂದ ಸದಾ ಶಾಖದ ಕಿರಣ ಹೊರಡುತ್ತಿರುತ್ತದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಪಿಐಆರ್ ತಾನಾಗಿ ಏನನ್ನೂ ಬಿಡುವುದಿಲ್ಲ, ಬರುವ ಶಾಖವನ್ನು ಗಮನಿಸುತ್ತದೆ ಅಷ್ಟೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಮುಚ್ಚಳವೇ ಅದರ ಲೆನ್ಸ್. ಅದರಲ್ಲಿನ ಸಣ್ಣ ಸಣ್ಣ ಗೆರೆಗಳು ಕೋಣೆಯನ್ನು ಹೋಳು ಹೋಳಾಗಿ ಭಾಗ ಮಾಡುತ್ತವೆ. ಒಬ್ಬ ವ್ಯಕ್ತಿ ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದಾಗ ಶಾಖ ಏರಿಳಿಯುತ್ತದೆ, ಒಳಗಿನ ರಿಲೇ ತೆರೆದುಕೊಳ್ಳುತ್ತದೆ, ಪ್ಯಾನೆಲ್ ಸೈರನ್ ಕೂಗಿಸುತ್ತದೆ.

ಗೋಡೆಗೆ ಹಾಕುವ ಸೆನ್ಸರ್ ಮುಂದಕ್ಕೆ ಬೀಸಣಿಗೆಯಂತೆ ನೋಡುತ್ತದೆ. ಸೂರಿಗೆ ಹಾಕುವುದು ಬಿಚ್ಚಿದ ಛತ್ರಿಯಂತೆ ಸುತ್ತಲೂ, ಅಂದರೆ 360 ಡಿಗ್ರಿ, ಕೆಳಗೆ ನೋಡುತ್ತದೆ. ಬೀರು, ರ‍್ಯಾಕ್, ಮೂಟೆಗಳು ತುಂಬಿದ ಕಡೆ ಗೋಡೆಯ ಸೆನ್ಸರ್‌ಗೆ ಅಡ್ಡಿ ಹೆಚ್ಚು, ಅಂಥಲ್ಲಿ ಸೂರಿನದೇ ವಾಸಿ. ಬ್ಯಾಂಕಿನ ಹಾಲ್, ಸಂಘದ ಗೋದಾಮು, ರಾಯದುರ್ಗದ ಸಿದ್ಧ ಉಡುಪಿನ ಘಟಕಗಳು, ಚಿನ್ನದಂಗಡಿ ಇದಕ್ಕೆ ತಕ್ಕ ಜಾಗಗಳು.

ಜಾಗ ಆರಿಸುವುದೇ ಅರ್ಧ ಕೆಲಸ

ಎತ್ತರ: ಹೆಚ್ಚಿನ ಮಾದರಿಗಳಿಗೆ 2.4ರಿಂದ 3.6 ಮೀಟರ್, ಅಂದರೆ 8ರಿಂದ 12 ಅಡಿ ಸರಿ. ತಗ್ಗಿದರೆ ಕಾಯುವ ವೃತ್ತ ಕಿರಿದಾಗುತ್ತದೆ. ತೀರಾ ಏರಿದರೆ ಸೂಕ್ಷ್ಮತೆ ಕುಗ್ಗುತ್ತದೆ. ಯಾವ ಎತ್ತರಕ್ಕೆ ಎಷ್ಟು ಅಗಲ ಎಂಬ ಕೋಷ್ಟಕ ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ. ಕೊಳ್ಳುವ ಮೊದಲೇ ಅದನ್ನು ಕೇಳಿ ನೋಡಬೇಕು.

ಫ್ಯಾನು: ನಮ್ಮ ಕಡೆ ಸೂರಿನ ನಡುವೆ ಫ್ಯಾನು ಇರುತ್ತದೆ. ಅದರ ಪಕ್ಕದಲ್ಲೇ ಸೆನ್ಸರ್ ಹಾಕಿದರೆ ರೆಕ್ಕೆಗಳು ಅಡ್ಡ ಬರುತ್ತವೆ. ಫ್ಯಾನಿನಿಂದ ಕನಿಷ್ಠ 5 ಅಡಿ ದೂರ, ಒಳಬಾಗಿಲಿನಿಂದ ತಿಜೋರಿಗೆ ಹೋಗುವ ದಾರಿಯ ಮೇಲೆ ಹಾಕುವುದು ಒಳ್ಳೆಯದು. ರಾತ್ರಿ ಸ್ವಿಚ್ ಆರಿಸದೆ ಹೋದರೆ, ಹೋದ ಕರೆಂಟು ನಡುರಾತ್ರಿ ಬಂದಾಗ ಫ್ಯಾನು ತಾನೇ ತಿರುಗಿ ಪರದೆ ಅಲುಗಿ ಸುಳ್ಳು ಅಲಾರಂ ಆಗಬಹುದು. 10x12 ಅಡಿಯ ಮನೆ ಕೋಣೆಯಾದರೆ ಮೂಲೆಗೆ ಹಾಕುವ ಗೋಡೆ ಸೆನ್ಸರ್ ಸಾಕು, ಸೂರಿನದು ಬೇಡ.

ಬಿಸಿಲು ಮತ್ತು ದೀಪ: ನೇರ ಬಿಸಿಲು ಬೀಳುವ ಕಿಟಕಿ, ಎ.ಸಿ. ಗಾಳಿ, ನಂದಾದೀಪ ಇವು ಸೆನ್ಸರ್‌ನ ಕಣ್ಣಿಗೆ ಬೀಳಬಾರದು.

ಗಾಜು: ಪಿಐಆರ್ ಗಾಜಿನಾಚೆ ನೋಡಲಾರದು. ಮ್ಯಾನೇಜರ್ ಕೋಣೆಗೆ ಗಾಜಿನ ಗೋಡೆ ಇದ್ದರೆ ಆ ಕೋಣೆಗೆ ಬೇರೆ ಸೆನ್ಸರ್ ಬೇಕು.

ಬೇಸಿಗೆಯ ತೊಡಕು

ಪಿಐಆರ್ ಕೆಲಸ ಮಾಡುವುದು ಮೈ ಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸದ ಮೇಲೆ. ಅನಂತಪುರ ಸೀಮೆಯ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗಿನ ಗೋಡೆ, ನೆಲ ಕೂಡ ಮೈಯಷ್ಟೇ ಬಿಸಿಯಾಗಿರುತ್ತವೆ. ಆಗ ಸೆನ್ಸರ್‌ಗೆ ಮನುಷ್ಯ ಸರಿಯಾಗಿ ಕಾಣುವುದಿಲ್ಲ. ಚಳಿಗಾಲದಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಎಂದು ಸುಮ್ಮನಾದರೆ ಬೇಸಿಗೆಯಲ್ಲಿ ಮೋಸ ಹೋಗಬಹುದು. ಶಾಖಕ್ಕೆ ತಕ್ಕಂತೆ ಸೂಕ್ಷ್ಮತೆ ಹೊಂದಿಸಿಕೊಳ್ಳುವ, ಅಂದರೆ ಟೆಂಪರೇಚರ್ ಕಾಂಪನ್ಸೇಷನ್ ಇರುವ ಮಾದರಿಯನ್ನೇ ಕೊಳ್ಳಬೇಕು.

ಡ್ಯುಯಲ್ ಟೆಕ್ ಎಂಬ ಬಗೆಯೂ ಇದೆ. ಇದರಲ್ಲಿ ಪಿಐಆರ್ ಜತೆಗೆ ಮೈಕ್ರೋವೇವ್ ಇರುತ್ತದೆ. ಎರಡೂ ಒಟ್ಟಿಗೆ ಹೌದೆಂದರೆ ಮಾತ್ರ ಅಲಾರಂ. ಸುಳ್ಳು ಅಲಾರಂ ಇದರಲ್ಲಿ ಕಡಿಮೆ. ಆದರೆ ಬೇಸಿಗೆಯಲ್ಲಿ ಪಿಐಆರ್ ಮಂಕಾದರೆ ಇದೂ ಮಂಕಾಗುತ್ತದೆ ಎಂಬುದನ್ನು ಮರೆಯಬಾರದು. ಮೈಕ್ರೋವೇವ್ ತೆಳು ಗೋಡೆ, ಗಾಜು ದಾಟಿ ಹೋಗುವುದರಿಂದ ಅದರ ಶಕ್ತಿಯನ್ನು ಕೋಣೆಯ ಅಳತೆಗೆ ತಗ್ಗಿಸಿಡಬೇಕು.

ಅಳವಡಿಸುವ ಕ್ರಮ

1. ಮೊದಲು ಪ್ಯಾನೆಲ್‌ನ ಮೇನ್ಸ್ ಆರಿಸಿ, ಬ್ಯಾಟರಿಯ ವೈರು ತೆಗೆಯಬೇಕು. ಲೈನು ಕೆಲಸ ಬಾರದವರು ಎಲೆಕ್ಟ್ರೀಷಿಯನ್ ಇಲ್ಲದೆ ಕೈ ಹಾಕಬಾರದು.

2. ಸೂರು ಯಾವ ಬಗೆಯದೆಂದು ನೋಡಬೇಕು. ಆರ್‌ಸಿಸಿ ಆದರೆ ಡ್ರಿಲ್, ಪ್ಲಗ್, ಸ್ಕ್ರೂ ಸಾಕು. ಹಳೆಯ ಕಲ್ಲು ಚಪ್ಪಡಿ ಸೂರಾದರೆ ಚಪ್ಪಡಿಯ ಅಂಚಿನಲ್ಲಿ ಕೊರೆಯಬಾರದು, ಬಿರುಕು ಬಿಡಬಹುದು. ಸಂದಿನ ಗಾರೆಯಲ್ಲೂ ಪ್ಲಗ್ ನಿಲ್ಲುವುದಿಲ್ಲ. ತಗಡಿಗೆ ನೇರವಾಗಿ ಹಾಕಲೇಬಾರದು. ತಗಡು ಕಾಯುತ್ತದೆ, ಗಾಳಿಗೆ ಅದುರುತ್ತದೆ. ಕೆಳಗಿನ ಕಬ್ಬಿಣದ ಆಂಗಲ್‌ಗೆ ಹಲಗೆ ಕಟ್ಟಿ ಅದಕ್ಕೆ ಹಾಕಬೇಕು.

3. ವೈರು 6 ಎಳೆಯದಿರಲಿ. ಎರಡು ಎಳೆ 12 ವೋಲ್ಟ್ ಡಿಸಿಗೆ, ಎರಡು ಅಲಾರಂಗೆ, ಎರಡು ಟ್ಯಾಂಪರ್‌ಗೆ. ಟ್ಯಾಂಪರ್ ಎಂದರೆ ಯಾರಾದರೂ ಮುಚ್ಚಳ ತೆಗೆದರೆ ಹಗಲಿನಲ್ಲೂ ಕೂಗುವ ಸ್ವಿಚ್. ದುಡ್ಡು ಉಳಿಸಲು 4 ಎಳೆ ಹಾಕಿ ಟ್ಯಾಂಪರ್ ಬಿಟ್ಟರೆ, ಹಗಲು ಗಿರಾಕಿಯಂತೆ ಬಂದವನು ಮುಚ್ಚಳ ಬಿಚ್ಚಿ ಹೋದರೂ ತಿಳಿಯುವುದಿಲ್ಲ. ವೈರನ್ನು ಪೈಪಿನೊಳಗೆ ಅಥವಾ ಕೇಸಿಂಗ್ ಪಟ್ಟಿಯೊಳಗೆ ಎಳೆಯಬೇಕು. 230 ವೋಲ್ಟ್ ವೈರಿನ ಜತೆ ಒಂದೇ ಪೈಪಿನಲ್ಲಿ ಬೇಡ.

4. ಅಲಾರಂ ಕಾಂಟ್ಯಾಕ್ಟ್ ಅನ್ನು ಎನ್‌ಸಿ, ಅಂದರೆ ಸದಾ ಮುಚ್ಚಿರುವ ರೀತಿಯಲ್ಲಿ ಜೋಡಿಸಬೇಕು. ಆಗ ವೈರು ಕತ್ತರಿಸಿದರೂ ಅಲಾರಂ ಆಗುತ್ತದೆ. ವೈರುಗಳನ್ನು ಒಂದಕ್ಕೊಂದು ತಿರುಚಿ ಮೋಸ ಮಾಡುವುದನ್ನು ತಡೆಯಲು ಲೈನಿನ ಕೊನೆಯಲ್ಲಿ ಒಂದು ರೆಸಿಸ್ಟರ್ ಹಾಕುತ್ತಾರೆ. ಅದನ್ನು ಸೆನ್ಸರ್‌ನ ಒಳಗೇ ಹಾಕಬೇಕು. ಕೆಲವರು ಕೆಲಸ ಸುಲಭವೆಂದು ಪ್ಯಾನೆಲ್‌ನಲ್ಲೇ ಹಾಕಿಬಿಡುತ್ತಾರೆ, ಅದರಿಂದ ಪ್ರಯೋಜನವಿಲ್ಲ.

5. ವೈರು ಬಂದ ತೂತನ್ನು ಸಿಲಿಕಾನ್‌ನಿಂದ ಮುಚ್ಚಬೇಕು. ಇಲ್ಲದಿದ್ದರೆ ಇರುವೆ, ಜೇಡ, ಬಿಸಿ ಗಾಳಿ ಒಳಸೇರುತ್ತವೆ. ಲೆನ್ಸ್ ಮೇಲೆ ಹರಿಯುವ ಜೇಡವೂ ಸೈರನ್ ಕೂಗಿಸಬಲ್ಲದು.

6. ಕರೆಂಟು ಕೊಟ್ಟ ಮೇಲೆ ಒಂದೆರಡು ನಿಮಿಷ ಕಾಯಬೇಕು. ನಂತರ ನಡಿಗೆ ಪರೀಕ್ಷೆ. ಕೋಣೆಯ ಪ್ರತಿ ಕಿಟಕಿ, ಪ್ರತಿ ಮೂಲೆಯಿಂದ ಮಾಮೂಲಿಯಾಗಿ ನಡೆಯಬೇಕು, ಬಗ್ಗಿ ನಡೆಯಬೇಕು, ತೆವಳಿಯೂ ನೋಡಬೇಕು. ಕೆಂಪು ದೀಪ ಹತ್ತದ ಜಾಗ ಸಿಕ್ಕರೆ ಸೆನ್ಸರ್ ಸರಿಸಬೇಕು ಅಥವಾ ಇನ್ನೊಂದು ಹಾಕಬೇಕು.

7. ಪರೀಕ್ಷೆ ಮುಗಿದ ಮೇಲೆ ಜಂಪರ್ ತೆಗೆದು ಆ ಕೆಂಪು ದೀಪ ಆರಿಸಿಡಬೇಕು. ಇಲ್ಲದಿದ್ದರೆ ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂದು ಬಂದವರೆಲ್ಲ ನೋಡಿಕೊಳ್ಳುತ್ತಾರೆ.

ಕರೆಂಟು ಹೋದರೆ?

ಪ್ಯಾನೆಲ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಲೆಕ್ಕ ಹೀಗೆ: ಪ್ಯಾನೆಲ್‌ಗೆ 100 ಮಿಲಿ ಆಂಪಿಯರ್, ಐದು ಸೆನ್ಸರ್‌ಗೆ ತಲಾ 15ರಂತೆ 75, ಡಯಲರ್‌ಗೆ 50, ಒಟ್ಟು 225 ಎಂದಿಟ್ಟುಕೊಂಡರೆ ಕಾಗದದ ಮೇಲೆ 31 ಗಂಟೆ ಬರುತ್ತದೆ. ಬ್ಯಾಟರಿ ಹಳತಾದಂತೆ ಅದರ ಅರ್ಧವನ್ನೇ ನಂಬಬೇಕು, ಅಂದರೆ 15 ಗಂಟೆ. ಶನಿವಾರ ಸಂಜೆ ಬೀಗ ಹಾಕಿ ಸೋಮವಾರ ಬೆಳಗ್ಗೆ ತೆರೆಯುವ ಕಚೇರಿಗೆ ಇದು ಸಾಲದು. ನ್ಯಾಮತಿ, ಮನಗೂಳಿ ಎರಡೂ ಕಡೆ ಕಳ್ಳರು ಆರಿಸಿಕೊಂಡದ್ದು ವಾರದ ಕೊನೆಯ ರಜೆಯನ್ನೇ. ದೊಡ್ಡ ಬ್ಯಾಟರಿ ಬೇಕು, ಕಳೆಗುಂದಿದ ಕೂಡಲೇ ಬದಲಿಸಬೇಕು.

ಗಡಿಯ ಗೊಂದಲ: ಕರೆ ಯಾವ ರಾಜ್ಯಕ್ಕೆ?

ಸೈರನ್ ಕೂಗಿದರೆ ಸಾಲದು, ಯಾರಾದರೂ ಬರಬೇಕು. ಅದಕ್ಕೆ ಪ್ಯಾನೆಲ್‌ಗೆ ಸಿಮ್ ಹಾಕುವ ಡಯಲರ್ ಇರುತ್ತದೆ. ಹಳೆಯ 2ಜಿ ಡಯಲರ್‌ಗೆ ಜಿಯೋ ಸಿಮ್ ನಡೆಯುವುದಿಲ್ಲ, 4ಜಿ ಡಯಲರ್ ಕೊಳ್ಳುವುದು ಮೇಲು. ರೀಚಾರ್ಜ್ ಮುಗಿದರೆ ಸಿಮ್ ಮೂಕವಾಗುತ್ತದೆ, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ರೊಳ್ಳ, ಅಗಳಿ, ಅಮರಾಪುರಂ, ಗುಡಿಬಂಡೆ, ಡಿ. ಹಿರೇಹಾಳ್ ಮಂಡಲಗಳ ಗಡಿ ಊರುಗಳಲ್ಲಿ ಫೋನು ಒಮ್ಮೆ ಆಂಧ್ರದ ಟವರ್, ಒಮ್ಮೆ ಕರ್ನಾಟಕದ ಟವರ್ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 112ಕ್ಕೆ ಮಾಡಿದ ಕರೆ ಆಚೆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಬಹುದು. ಆದ್ದರಿಂದ ಕರೆ ಮಾಡಿದವರು ಮೊದಲು ರಾಜ್ಯ, ಜಿಲ್ಲೆ, ಮಂಡಲ, ಊರು ಹೇಳಬೇಕು. ಮಡಕಶಿರಾ ಕಡೆಯವರು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದಾರೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಇದೆ. ಹಳೆ ಅಭ್ಯಾಸದಿಂದ ಜಿಲ್ಲೆ ತಪ್ಪಾಗಿ ಹೇಳಿದರೆ ಹೊತ್ತು ವ್ಯರ್ಥ. ಡಯಲರ್‌ನಲ್ಲಿ ಮೊದಲ ನಂಬರ್ ಅಕ್ಕಪಕ್ಕದ ಮನೆಯವರದು, ಎರಡನೆಯದು ಸಿಬ್ಬಂದಿಯದು ಇರಲಿ. ಅವರು ತಮ್ಮ ಮಂಡಲದ ಠಾಣೆಯ ನೇರ ನಂಬರ್ ಇಟ್ಟುಕೊಂಡಿರಬೇಕು.

ಊರಿಗೆ ಹೋಗುವವರ ಬೀಗ ಹಾಕಿದ ಮನೆ ಕಾಯಲು ಆಂಧ್ರ ಪೊಲೀಸರು ಎಲ್‌ಎಚ್‌ಎಂಎಸ್ ಎಂಬ ವ್ಯವಸ್ಥೆ ತಂದಿದ್ದರು. ಚಲನೆ ಗುರುತಿಸುವ ಕ್ಯಾಮೆರಾವನ್ನು ಮನೆಯೊಳಗಿಟ್ಟು, ಅಲುಗಾಟ ಕಂಡರೆ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಅದು. ನಿಮ್ಮ ಠಾಣೆಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಬಹುದು.

ದೇವಸ್ಥಾನಗಳಲ್ಲಿ

ಗರ್ಭಗುಡಿಯಲ್ಲಿ ದೀಪ ಉರಿಯುತ್ತದೆ, ಹಳೆಯ ಮಂಟಪಗಳಲ್ಲಿ ಬಾವಲಿ ಹಾರುತ್ತವೆ. ಎರಡೂ ಪಿಐಆರ್‌ಗೆ ಒಗ್ಗುವುದಿಲ್ಲ. ಹುಂಡಿ ಮತ್ತು ಒಡವೆ ಇಡುವ ಮುಚ್ಚಿದ ಕೋಣೆಗೆ ಹಾಕುವುದು ಸರಿ. ಸಂರಕ್ಷಿತ ಸ್ಮಾರಕವಾದ ಗುಡಿಯ ಕಲ್ಲಿಗೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಒಂದು ಸ್ಕ್ರೂ ಕೂಡ ಹಾಕುವಂತಿಲ್ಲ.

ಅಡವಿಟ್ಟವರು ತಿಳಿದಿರಬೇಕಾದ್ದು

ಬ್ಯಾಂಕ್ ಲಾಕರಿನಲ್ಲಿಟ್ಟ ಸೊತ್ತು ಕಳವಾದರೆ, ಬೆಂಕಿಗೆ ಸಿಕ್ಕರೆ, ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ನಿಗದಿ ಮಾಡಿ, 2022ರ ಜನವರಿಯಿಂದ ಜಾರಿಗೆ ತಂದಿತು. ಸಾಲಕ್ಕೆ ಅಡವಿಟ್ಟ ಚಿನ್ನದ ವಿಚಾರ ಬೇರೆ. 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಅಡವಿನ ಒಡವೆ ಕಳೆದುಹೋದರೆ ಸಾಲ ಕೊಟ್ಟ ಸಂಸ್ಥೆ ಸಾಲಗಾರರಿಗೆ ಪರಿಹಾರ ಕೊಡಬೇಕು. ಸಾಲದ ಷರತ್ತುಗಳನ್ನು ಆ ಪ್ರದೇಶದ ಭಾಷೆಯಲ್ಲಿ ಅಥವಾ ಸಾಲಗಾರ ಆರಿಸಿದ ಭಾಷೆಯಲ್ಲಿ ತಿಳಿಸಬೇಕು. ತೆಲುಗು ಓದಲು ಬಾರದ ಗಡಿ ಕನ್ನಡಿಗರು ಕನ್ನಡದಲ್ಲೇ ಕೊಡಿ ಎಂದು ಕೇಳಬಹುದು. ಒಡವೆಯ ತೂಕ, ಶುದ್ಧತೆ ಬರೆದ ಚೀಟಿ ಪಡೆದು ಜೋಪಾನ ಮಾಡಬೇಕು, ಒಡವೆಯ ಫೋಟೋ ಕೂಡ ಇರಲಿ. ಪರಿಹಾರ ಕೇಳುವಾಗ ಅವೇ ಆಧಾರ.

ನೆನಪಿಡಿ

* ತಿಂಗಳಿಗೊಮ್ಮೆ ನಡಿಗೆ ಪರೀಕ್ಷೆ ಮಾಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಯಲ್ಲಿ ಒಮ್ಮೆ ತಪ್ಪದೆ ಮಾಡಬೇಕು.
* ಹಬ್ಬಕ್ಕೆ ಸುಣ್ಣ ಬಣ್ಣ ಹೊಡೆಸುವಾಗ ಲೆನ್ಸ್‌ಗೆ ಬಣ್ಣ ತಾಗಬಾರದು. ತಾಗಿದರೆ ಸೆನ್ಸರ್ ಕುರುಡಾಗುತ್ತದೆ.
* ಬೀಗ ಹಾಕುವ ಮುನ್ನ ಪ್ರತಿದಿನ ಸೆನ್ಸರ್ ಕಡೆ ಒಮ್ಮೆ ನೋಡಬೇಕು. ಕಾಗದ, ಟೇಪು ಅಂಟಿಸಿದ್ದರೆ ಅದು ಕಳ್ಳನ ಮುನ್ಸೂಚನೆ.
* ಸುಳ್ಳು ಅಲಾರಂ ಪದೇ ಪದೇ ಆದರೆ ಕಾರಣ ಹುಡುಕಬೇಕು, ಸೈರನ್ ವೈರು ಕಿತ್ತಿಡಬಾರದು. ತೋಳ ಬಂತು ತೋಳ ಎಂಬ ಕಥೆಯಂತೆ, ನಿಜವಾಗಿ ಕೂಗಿದ ದಿನ ಯಾರೂ ಬರದಂತಾಗುತ್ತದೆ.
* ಬಿಡಿ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆದರೆ ಕೆಟ್ಟಾಗ ಬಂದು ನೋಡುವ ಮೆಕ್ಯಾನಿಕ್ ಬಳ್ಳಾರಿ, ಹಿಂದೂಪುರ ಅಥವಾ ಶಿರಾದಲ್ಲಿ ಇದ್ದಾನೆಯೇ ಎಂದು ನೋಡಿಕೊಂಡು ಕೊಳ್ಳುವುದು ಜಾಣತನ.