ಎಲ್ಲ ಸೊಳ್ಳೆ ಕೊಲ್ಲಬೇಕಿಲ್ಲ

ಹೈದರಾಬಾದಿನಲ್ಲೇ ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗಳು ಭಾನುವಾರ ಊಟಕ್ಕೆ ಬಂದಿದ್ದಳು. ಸಾಂಕ್ರಾಮಿಕ ರೋಗಶಾಸ್ತ್ರದ ಪರೀಕ್ಷೆ ಹತ್ತಿರವಿತ್ತು. "ಮಾಮಾ, ಡಾಕ್ಟರಾಗೋರಿಗೆ ಈ ಲೆಕ್ಕ ಎಲ್ಲ ಯಾಕೆ?" ಎಂದು ಗೊಣಗಿದಳು. ಸಂಜೆ ಅವಳನ್ನು ಬೇಗಂಪೇಟೆಗೆ ಕರೆದುಕೊಂಡು ಹೋದೆ. ಹಳೆಯ ವಿಮಾನ ನಿಲ್ದಾಣದ ಹತ್ತಿರ ರೊನಾಲ್ಡ್ ರಾಸ್ ಹೆಸರಿನ ಹಳೆಯ ಕಟ್ಟಡವಿದೆ.

ರಾಸ್ ಸೈನ್ಯದ ವೈದ್ಯರು. ಸೊಳ್ಳೆಯ ಮೊದಲ ಪಾಠ ಅವರಿಗೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿದ್ದಾಗ ಬಂಗಲೆಯ ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರು ಚೆಲ್ಲಿಸಿದರು. ಮನೆಯಲ್ಲಿ ಸೊಳ್ಳೆ ಕಡಿಮೆಯಾಯಿತು.

1897ರಲ್ಲಿ ಸಿಕಂದರಾಬಾದ್. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿಸಿಕೊಂಡ ಸೊಳ್ಳೆಗೆ ಒಂದಾಣೆಯಂತೆ ಹಣ ಪಡೆದು ಮೈಯೊಡ್ಡಿದರು. ಆಗಸ್ಟ್ 20ರಂದು ಆ ಸೊಳ್ಳೆಯೊಂದನ್ನು ಸೀಳಿ ನೋಡಿದಾಗ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿತು. 1902ರಲ್ಲಿ ನೊಬೆಲ್ ಬಂತು. ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ಕಥೆ ಇಲ್ಲಿಗೆ ಮುಗಿಯುತ್ತದೆ.

ಆದರೆ ಜ್ವರ ಮುಗಿಯಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಸೊಳ್ಳೆ ಕಡಿಮೆ ಮಾಡುವ ಪ್ರಯೋಗ ನಡೆದು, ಫಲ ಕೊಡಲಿಲ್ಲವೆಂಬ ತೀರ್ಮಾನ ಬಂತು. ಲೋಕದ ಸೊಳ್ಳೆಯನ್ನೆಲ್ಲ ಕೊಲ್ಲಲಾದೀತೇ ಎಂದು ಕೇಳುವವರಿಗೆ ಅದೇ ಸಾಕಾಯಿತು. ರಾಸ್ ಒಪ್ಪಲಿಲ್ಲ. ಸ್ವಚ್ಛ ಮಾಡಿದ ಜಾಗ ಚಿಕ್ಕದಾದರೆ ಹೊರಗಿನ ಸೊಳ್ಳೆ ಒಳಗೆ ಬರುತ್ತದೆ. ಎಷ್ಟು ಕಡಿಮೆಯಾಯಿತೆಂದು ಎಣಿಸದೆ ಸೋಲು ಗೆಲುವು ಹೇಳಲಾಗದು ಎಂಬುದು ಅವರ ವಾದ. ಮಾರಿಷಸ್‌ನಲ್ಲಿ ಕೆಲಸ ಮಾಡಿದ ಮೇಲೆ ಅದನ್ನೇ ಗಣಿತಕ್ಕಿಳಿಸಿ, 1910ರ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಕಟ್ಟಡದೆದುರು ನಿಂತು ನಾನು ಅವಳಿಗೆ ಹೇಳಿದ ಲೆಕ್ಕ ಇದು. ಅಂಕಿಗಳು ನನ್ನವು, ತರ್ಕ ರಾಸ್ ಅವರದು. ಒಬ್ಬ ರೋಗಿಯ ರಕ್ತದಿಂದ 24 ಸೊಳ್ಳೆಗೆ ಸೋಂಕು ಹತ್ತಿತು ಅನ್ನೋಣ. ಪರಾವಲಂಬಿ ಬಲಿಯಲು ಹತ್ತಾರು ದಿನ ಬೇಕು. ಅಷ್ಟು ದಿನ ಬದುಕುವುದು ಮೂರರಲ್ಲಿ ಒಂದು, ಅಂದರೆ 8. ಅವುಗಳಲ್ಲಿ ಮತ್ತೊಬ್ಬ ಮನುಷ್ಯನಿಗೆ ಸೋಂಕು ದಾಟಿಸುವುದು ನಾಲ್ಕರಲ್ಲಿ ಒಂದು. ಒಬ್ಬ ರೋಗಿಯಿಂದ ಇಬ್ಬರಾದರು. ಊರಲ್ಲಿ ಜ್ವರ ಏರುತ್ತದೆ. ಸೊಳ್ಳೆ ಅರ್ಧವಾದರೆ ಒಬ್ಬರಿಂದ ಒಬ್ಬರು. ಜ್ವರ ಇದ್ದಲ್ಲೇ ಇರುತ್ತದೆ.

"ಹಾಗಾದ್ರೆ ಇಪ್ಪತ್ನಾಲ್ಕನ್ನ ಹನ್ನೊಂದು ಮಾಡಿದ್ರೆ ಸಾಕಾ?"

ಸಾಕು. ಆಮೇಲೆ ಸೊಳ್ಳೆ ಹಾರಾಡುತ್ತಿದ್ದರೂ ಮಲೇರಿಯಾ ಮೆಲ್ಲಗೆ ಇಳಿಯುತ್ತದೆ. ಕೋವಿಡ್ ದಿನಗಳಲ್ಲಿ ಟಿವಿಯವರು ದಿನಾ ಹೇಳುತ್ತಿದ್ದ 'ಆರ್' ಸಂಖ್ಯೆ ಒಂದಕ್ಕಿಂತ ಕೆಳಗಿರಬೇಕು ಎಂಬ ಮಾತಿನ ಹಿಂದೆ ಇರುವುದೂ ಇದೇ ವಿಚಾರ.

ಸೂಕ್ಷ್ಮದರ್ಶಕ ಶತ್ರು ಯಾರೆಂದು ತೋರಿಸಿತು. ಅವನನ್ನು ಎಷ್ಟು ಸೋಲಿಸಿದರೆ ಸಾಕು ಎಂದು ಹೇಳಿದ್ದು ಲೆಕ್ಕ. ಆ ಗಡಿ ಗೊತ್ತಿಲ್ಲದಿದ್ದರೆ ಆಗದ ಕೆಲಸವೆಂದು ಕೈ ಚೆಲ್ಲುತ್ತೇವೆ, ಇಲ್ಲವೇ ಅರ್ಧಕ್ಕೇ ನಿಲ್ಲಿಸಿ ಉಪಾಯವೇ ಸುಳ್ಳೆನ್ನುತ್ತೇವೆ.

ಅಷ್ಟರಲ್ಲಿ ಅವಳ ಕೈ ಮೇಲೊಂದು ಸೊಳ್ಳೆ ಕೂತಿತು. ಹೊಡೆದು, "ಒಂದು" ಎಂದಳು.