ಮೇಗುಟಿಯ ಕಲ್ಲು: ಅಕ್ಷರಕ್ಕೂ ಹಿಂದಿನ ಬರಹ

ಐಹೊಳೆಯ ಮೇಗುಟಿ ಜಿನಾಲಯದ ಪೂರ್ವಭಿತ್ತಿಯಲ್ಲಿ ರವಿಕೀರ್ತಿಯ ಪ್ರಶಸ್ತಿಶಾಸನವಿದೆ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಕಾಳಿದಾಸ, ಭಾರವಿಗಳ ಹೆಸರು ಅಲ್ಲಿ ಬಂದಿರುವುದರಿಂದ ಇಬ್ಬರೂ ಆ ವರ್ಷಕ್ಕಿಂತ ಈಚಿನವರಲ್ಲವೆಂಬುದು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತ. ಆದರೆ ಅಕ್ಷರಗಳನ್ನು ಓದಿದವರು ಅವನ್ನು ಹೊತ್ತ ಕಲ್ಲನ್ನು ಓದಿದ್ದು ವಿರಳ.

ಅದು ಮರಳುಗಲ್ಲು. 50 ಕೋಟಿ ವರ್ಷಗಳಿಗೂ ಹಿಂದೆ ನೀರು ತಂದು ಹರಡಿದ ಮರಳು ಪದರಪದರವಾಗಿ ನೆಲೆನಿಂತು, ಮೇಲಿನ ಹೊರೆಗೆ ಅದುಮಿಕೊಂಡು, ಕಣಗಳ ನಡುವೆ ಸೇರಿದ ಖನಿಜಗಳ ಬೆಸುಗೆಯಿಂದ ಕಲ್ಲಾಯಿತು. ನೆರೆಯ ಬಾದಾಮಿಯ ಬಂಡೆಗಳ ಕೆಂಪು ಕಬ್ಬಿಣದ ಆಕ್ಸೈಡಿನದು. ಅಲ್ಲಿ ಓರೆಯಾಗಿ ಸಾಗುವ ಕಿರುಪದರಗಳು ಅಂದಿನ ಪ್ರವಾಹದ ದಿಕ್ಕನ್ನು ಇಂದಿಗೂ ಸೂಚಿಸುತ್ತವೆ.

ಇದಕ್ಕಿಂತ ಗಹನವಾದ ಸಂಗತಿ ಈ ಸೀಮೆಯ ನೆಲದಲ್ಲಿಯೇ ಇದೆ. ಬಾದಾಮಿ ಸಮೂಹದ ಪದರಗಳು ಬಹುಮಟ್ಟಿಗೆ ಸಮತಲವಾಗಿದ್ದರೆ, ಅಡಿಯ ಬಾಗಲಕೋಟೆ ಸಮೂಹದವು ಮಡಿಕೆಬಿದ್ದು ವಾಲಿವೆ. ಹಳೆಯ ಪದರಗಳು ಮಡಿಕೆಬಿದ್ದು, ಮೇಲೆದ್ದು, ಸವೆದ ಬಳಿಕವೇ ಹೊಸ ಮರಳು ಅವುಗಳ ಮೇಲೆ ಕೂತಿತು. ನಡುವಿನ ದೀರ್ಘಕಾಲಕ್ಕೆ ಅಲ್ಲಿ ಕಲ್ಲೇ ಇಲ್ಲ. ಗರಿಗಳು ಲುಪ್ತವಾದ ಓಲೆಪ್ರತಿಯನ್ನು ಸಂಪಾದಿಸಿದವರಿಗೆ ಈ ಸ್ಥಿತಿ ಹೊಸದಲ್ಲ. ಭೂವಿಜ್ಞಾನಿಗಾದರೋ ಆ ಸವೆದ ಮೇಲ್ಮೈಯೇ ಪ್ರಮಾಣ. 1788ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಸಿಕರ್ ಪಾಯಿಂಟ್‌ನಲ್ಲಿ ಭೂಮಿಯ ಅಪಾರ ಪ್ರಾಚೀನತೆಗೆ ಸಾಕ್ಷ್ಯ ಕಂಡದ್ದು ಇಂಥದೇ ಸಂಧಿಯಲ್ಲಿ.

ಶಾಸನಾಭ್ಯಾಸಿಗೂ ಇದು ಹೊರಗಿನ ವಿಷಯವಲ್ಲ. ಮರಳುಗಲ್ಲಿನ ಬೆಸುಗೆ ಸಡಿಲವಾದೆಡೆ ಮೇಲ್ಪದರ ಚಕ್ಕೆಯಾಗಿ ಕಳಚುತ್ತದೆ. ಅದರೊಡನೆ ಅಕ್ಷರವೂ ಹೋಗುತ್ತದೆ. ಮುದ್ರಿತ ಪಾಠದಲ್ಲಿ ಬರಿಯ ಚುಕ್ಕಿಗಳಾಗಿ ಉಳಿಯುವ ಇಂತಹ ತ್ರುಟಿತ ಸ್ಥಳಗಳಲ್ಲಿ ಲೋಪ ಲಿಪಿಕಾರನದೋ ಕಲ್ಲಿನದೋ ಎಂಬುದನ್ನು ಶಿಲೆಯ ಪದರವೇ ಹೇಳಬಲ್ಲದು.